ಕೊನೆಗೆ ಬರುವ ರಾಜ್ಯ

ಆರು ಮಕ್ಕಳು, ಒಂದೇ ಕೋಣೆ, ಒಂದೇ ಪರದೆ.
ಮಾಡಿನ ಮೇಲಿನ ಡಿಶ್ಶಿನ ತುಂಬ ರಾತ್ರಿಯ ಹಿಮ.
ಪೊರಕೆ ಹಿಡಿದು ಏಣಿ ಹತ್ತಿದ ಆರಿನ್
ಅಲ್ಲಿಂದಲೇ ಕೂಗುತ್ತಾನೆ: "ಬಂತಾ ಮಿಸ್?"

ಬರುತ್ತಿದೆ, ತೂಕಡಿಸುತ್ತ, ಚೂರುಚೂರಾಗಿ.
ಮೊದಲು ರೋಡ್ ಐಲೆಂಡ್, ಕತ್ತರಿಸಿದ ಉಗುರಿನಷ್ಟು;
ಆಮೇಲೆ ಮೇನ್; ಫ್ಲಾರಿಡಾ
ನೀರಿಗೆ ಕಾಲು ಇಳಿಬಿಟ್ಟು ಕೂತಿತು.
ಟೆಕ್ಸಾಸ್ ಅರ್ಧ ಬಂದು
ಏನೋ ಮರೆತವರ ಹಾಗೆ ನಿಂತುಬಿಟ್ಟಿತು.
"ಸಮುದ್ರ ಮಾತ್ರ ಹೇಗೆ ಮೊದಲೇ ಬಂದಿದೆ?"
ಎಂದಳು ಸಮುದ್ರ ಕಂಡಿರದ ವಿಲ್ಲಾ.

ನಾನು ರಾಜಧಾನಿ ಕೇಳುತ್ತ ಹೊತ್ತು ತಳ್ಳುತ್ತೇನೆ.
ತಪ್ಪಿದರೆ ಕೆಂಪಗಾಗಿ ನಡುಗಬೇಕಾದ ಆಟ
ಸರಿಗೂ ತಪ್ಪಿಗೂ ಒಂದೇ ಚಕ್ರ ತಿರುಗಿಸುತ್ತದೆ.

ಹತ್ತೂವರೆಗೆ ಎಲ್ಲ ಬಂದಿದ್ದವು,
ಹವಾಯಿ ಕೂಡ, ತನ್ನ ಕಾಳುಗಳನ್ನೆಲ್ಲ ಆಯ್ದುಕೊಂಡು.
ನಾವೊಬ್ಬರೇ ಬಾಕಿ.
ನಾವಿರುವಲ್ಲಿ ಬೂದು ಬಣ್ಣದ, ನಾಲ್ಕು ಮೂಲೆಯ ತೂತು.
ಆರಿನ್ ಮತ್ತೆ ಏಣಿ ಹತ್ತಿದ.

"ಬಿಡಿ ಮಿಸ್, ವಯೋಮಿಂಗ್ ಬರೆಯೋಕೆ ಸ್ಕೇಲೊಂದಿದ್ರೆ ಸಾಕು,"
ಎಂದು ಥಿಯಾ ಊಟದ ಡಬ್ಬಿಯಿಂದ
ಬ್ರೆಡ್ಡು ತೆಗೆದು
ತೂತಿಗೆ ಒತ್ತಿ ಹಿಡಿದಳು.
ಹೆಚ್ಚುಕಮ್ಮಿ ಸರಿಹೋಯಿತು.
ಜಾಮು ಸ್ವಲ್ಪ ಕೊಲರಾಡೊಗೆ ಇಳಿಯಿತು.

ಎಲ್ಲರೂ ನಗುವಾಗ, ಹಿಂದಿನ ಬೆಂಚಿನಿಂದ
ವಾರಕ್ಕೆರಡು ಮಾತಿನ ಡೆಲ್ಮರ್:
"ರೋಡ್ ಐಲೆಂಡಿನ ಮಕ್ಕಳ ಪರದೆಯಲ್ಲೂ
ನಾವು ಕೊನೆಗೇ ಬರ್ತೀವಾ?"

ಪಾಠದ ಟಿಪ್ಪಣಿಯಲ್ಲಿ ಇದು ಇರಲಿಲ್ಲ.
ಮಾಡಿನ ಮೇಲಿಂದ ಮತ್ತೆ: "ಬಂತಾ?"

"ಇನ್ನೂ ಇಲ್ಲ," ಎಂದೆ, ಯಾರಿಗೆಂದು ತಿಳಿಯದೆ.
ಥಿಯಾ ಆಗಲೇ ರಾಜ್ಯವನ್ನು
ವಾಯವ್ಯ ಮೂಲೆಯಿಂದ ತಿನ್ನತೊಡಗಿದ್ದಳು.