ಏಳನೇ ರೂಮಿನ ಊದಿನಕಡ್ಡಿ

ಹೋದ ವಾರ ನಾನು ಹೇಳಿದ್ದು ಕೈಯ ಕಥೆ.
ಮೇಸ್ತ್ರಿಗಳು ದಾರಕ್ಕೆ ಹಚ್ಚುವ ನೀಲಿಪುಡಿ
ಚಿಟಿಕೆಯಷ್ಟು, ಯಾರಿಗೂ ತಿಳಿಸದೆ,
ಮೆಸ್ಸಿನ ನಲ್ಲಿಯ ತಿರುಪಿಗೆ ಸವರಿದ್ದೆ.
ರಾತ್ರಿ ಊಟ ಮುಗಿಯುವ ಹೊತ್ತಿಗೆ
ನೀಲಿ ಸೌಟಿನ ಹಿಡಿಯಲ್ಲಿ, ಇಸ್ಪೀಟು ರಾಣಿಯ ಮೂಗಿನಲ್ಲಿ,
ಹಸನಬ್ಬನ ಬಿಳಿ ಟೊಪ್ಪಿಯ ಅಂಚಿನಲ್ಲಿ,
ವಿಡಿಯೋದಲ್ಲಿ ಮಗಳೊಡನೆ ಮಾತಿಗೆ ಕೂತ
ವಲೇರಿಯನ್ನನ ಕೆನ್ನೆಯಲ್ಲಿ.
'ಪಪ್ಪಾ, ಯಾರು ಹೊಡೆದರು?' ಎಂದಿತಂತೆ ಮಗು.
ನಕ್ಕರು ಎಲ್ಲರೂ. ನಕ್ಕ ಮೇಲೆ ಸುಮ್ಮನಾದರು.
ತಿಂಗಳ ಸಾಬೂನು ಎರಡೇ ದಿನದಲ್ಲಿ ಖಾಲಿ.
ಬರೇ ಟೈಮ್‌ಕೀಪರ್ ನಾನು, ಡಾಕ್ಟರಷ್ಟು ಬೀಗಿದೆ.

ಈ ವಾರ ಕ್ಲಿನಿಕ್ಕಿನಿಂದ ಇನ್ನೊಂದು ಕಾಗದ.
ಅರಬ್ಬಿಯಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ, ದಪ್ಪಕ್ಷರ.
ಅದನ್ನು ಕನ್ನಡ ಮಾಡುವುದು ನನ್ನ ಪಾಲು:
ಕೈ ತೊಳೆಯಿರಿ, ಸರಿ. ಆದರೆ ಇದು ಹೆಚ್ಚಾಗಿ
ಉಸಿರಿನ ಬೆನ್ನೇರಿ ಬರುತ್ತದೆ. ಕಿಟಕಿ ತೆರೆಯಿರಿ.

ಕಿಟಕಿ! ಸಲ್ಮಾಬಾದಿನ ಜೂನಿನಲ್ಲಿ!
ಹೊರಗೆ ನಲವತ್ತನಾಲ್ಕು. ಗಾಜಿಗೆ ನಾವೇ ಅಂಟಿಸಿದ
ಬೆಳ್ಳಿ ಹಾಳೆ, ಸಂದಿಗೆ ತುರುಕಿದ ಹಳೇ ಬನೀನು,
ಒಂದು ಎ.ಸಿ., ಆರು ಜೋಡಿಮಂಚ, ಹನ್ನೆರಡು ಮಂದಿ,
ಕನ್ನಡದವರೆಂದು ಕಂಪನಿ ಒಟ್ಟಿಗೆ ತುಂಬಿದ್ದು.
'ತುಂತುರು' ಎಂದು ಬರೆದೆ, ಹೊಡೆದುಹಾಕಿದೆ;
ಆ ಮಾತಿಗೆ ಯಾರು ಹೆದರುತ್ತಾರೆ?
'ಕಣ' ಎಂದು ಬರೆದೆ;
ಸಿದ್ರಾಮನಿಗೆ ಕಣವೆಂದರೆ ಜೋಳ ಒಕ್ಕುವ ಜಾಗ.

ಸಿದ್ರಾಮನೇ ಎದ್ದು ಕೇಳಿದ:
'ಹಂಗಾರ ಹ್ವಾದ ವಾರ ಹೇಳಿದ್ದು ಸುಳ್ಳೇನ್ರಿ, ಗಾಣಿಗ್ರ?'

ಹಾಜರಿ ಪುಸ್ತಕದಲ್ಲಿ ತಪ್ಪಿದರೆ ಬಿಳಿ ಬಣ್ಣ ಬಳಿದು
ಮೇಲೆ ಬರೆಯುತ್ತೇನೆ. ಯಾರಿಗೂ ಗೊತ್ತಾಗದು.
ಇಲ್ಲಿ ಬಳಿಯಲು ಬಣ್ಣವಿರಲಿಲ್ಲ.
'ಸುಳ್ಳಲ್ಲ ಮಾರಾಯ, ಅರ್ಧ. ಆಗ ಗೊತ್ತಿದ್ದದ್ದು ಅಷ್ಟೇ.
ಬಲ್ಲವರಿಗೂ ಅಷ್ಟೇ. ನಾಳೆ ಇದೂ ಬದಲಾದರೆ
ನಾಳೆಯೂ ಬಂದು ಇದೇ ಜಾಗದಲ್ಲಿ ನಿಂತು ಹೇಳ್ತೇನೆ.'
ಯಾರೂ ಒಪ್ಪಿದಂತೆ ಕಾಣಲಿಲ್ಲ.
ಯಾರೋ ಮೇಲಿನಿಂದ ಆಕಳಿಸಿದರು.

ಹಸನಬ್ಬನ ಪೆಟ್ಟಿಗೆಯಿಂದ ಊದಿನಕಡ್ಡಿ ತರಿಸಿದೆ.
ಇಲ್ಲಿಯವರಿಗೂ ಅದು ಊದೇ. ಒಂದು ಶಬ್ದವಾದರೂ
ವೀಸಾ ಇಲ್ಲದೆ ಈ ಕಡಲು ದಾಟಿದೆ.
ಬಾಗಿಲ ಬಳಿ, ಸೂಗಪ್ಪನ ಮಂಚದ ಕಾಲಿಗೆ ಸಿಕ್ಕಿಸಿ,
'ನಿಮ್ಮ ನಿಮ್ಮ ಜಾಗದಲ್ಲಿ ಕೂತು ಕಣ್ಣು ಮುಚ್ಚಿ.
ವಾಸನೆ ಮುಟ್ಟಿದವರು ಕೈ ಎತ್ತಿ, ಇಳಿಸಬೇಡಿ' ಎಂದೆ.
ಗೀರಿದೆ.

ಗಡಿಯಾರ ನೋಡುವುದು ನನ್ನ ಕಸುಬು.
ಹದಿನೆಂಟು ಸೆಕೆಂಡಿಗೆ ಚಾಂದಪಾಷಾನ ಕೈ.
ಆಮೇಲೆ ಪಕ್ಕದ ಮಂಚ ಹಾರಿ, ದೂರದ ಮೂಲೆಯಲ್ಲಿ,
ಎ.ಸಿ.ಯ ಎದುರು ಮೇಲೆ ಕೂತ ಗೋಯಿಂದ ಮೊಗೇರ.
ಹತ್ತಿರ-ದೂರದ ಲೆಕ್ಕವನ್ನೇ ಕೆಡಿಸಿತು ಗಾಳಿ.
ಸಿದ್ರಾಮ ಮೂಗರಳಿಸಿದ, ತಡೆದ, ಮತ್ತೆ ಎತ್ತಿದ,
ಸೋತವನ ಹಾಗೆ, ಅರ್ಧ ಕೈ.
ಮೂರು ನಿಮಿಷಕ್ಕೆ ರೂಮಿನ ತುಂಬ ಕೈಗಳು,
ನಸುಕಿನ ಬಸ್ಸಿನ ಮುಂದೆ ಹೆಸರು ಕೂಗಿದಂತೆ.

'ನೋಡಿ, ಯಾರೂ ಯಾರನ್ನೂ ಮುಟ್ಟಲೇ ಇಲ್ಲ'
ಎಂಬ ಮಾತು ಬಾಯಿಯವರೆಗೆ ಬಂದಿತ್ತು.
ಅಭ್ಯಾಸ ನೋಡಿ, ಮೊದಲು ಎಣಿಸಿದೆ.
ಹನ್ನೊಂದು.
ಇನ್ನೊಮ್ಮೆ ಎಣಿಸಿದೆ.

ಕಡ್ಡಿಗೆ ಎಲ್ಲರಿಗಿಂತ ಹತ್ತಿರದವನು ಸೂಗಪ್ಪ.
ಬೂದಿ ಅವನ ಚಪ್ಪಲಿಯ ಮೇಲೇ ಉದುರುತ್ತಿದೆ.
ಕಣ್ಣು ಬಿಗಿಯಾಗಿ ಮುಚ್ಚಿ, ಕೈ ತೊಡೆಯ ಮೇಲಿಟ್ಟು,
ಪರೀಕ್ಷೆಗೆ ಕೂತ ಹುಡುಗನಂತೆ ಕಾಯುತ್ತಿದ್ದಾನೆ.

'ಇನ್ನಾ ಹಚ್ಚಿಲ್ಲೇನ್ರಿ?' ಎಂದ.