ಇಲ್ಲದ ಬ್ರೇಕು

ಕಾರಂಜಾ ಹಿನ್ನೀರಿನ ಗುಂಟ ರಸ್ತೆ.
ಸ್ಟೇರಿಂಗ್ ನನ್ನ ಕೈಯಲ್ಲಿ;
ಅಪ್ಪನ ಬಲಗಾಲು ತಿರುವಿಗೊಮ್ಮೆ
ಇಲ್ಲದ ಬ್ರೇಕು ಒತ್ತುತ್ತದೆ.

ಹನ್ನೊಂದು ವರ್ಷ ಬೀದರ–ಪಣಜಿ ಬಸ್ಸು ಓಡಿಸಿದವ.
"ಸಮುದ್ರ ಹೆಂಗಿತ್ತಪ್ಪಾ?"
"ಎಲ್ಲಿ ನೋಡೀನಿ? ಮುಂಜಾನಿ ಮುಟ್ಟತಿದ್ದೆ,
ಸೀಟಿನ ಮ್ಯಾಲೆ ಮಲಗತಿದ್ದೆ,
ಸಂಜಿಗಿ ಮತ್ತ ಗಾಡಿ.
ವಾಸನಿ ಬರತಿತ್ತು, ಅಷ್ಟೇ."

ಬ್ಯಾಲಹಳ್ಳಿ ದಾಟಿ ನಿಲ್ಲಿಸಿದೆ.
ಮುಳುಗಿದ ಜಾಲಿಗಳ ತುದಿ,
ತುದಿಗೊಂದು ನೀರುಕಾಗೆ.
ಪ್ಯಾಂಟು ಮಡಚಿ ಇಳಿದ ಅಪ್ಪ
ಬೊಗಸೆ ನೀರು ಬಾಯಿಗಿಟ್ಟು
"ಉಪ್ಪು ಕಮ್ಮಿ ಆಗ್ಯದ" ಅಂದ,
ಅವ್ವನ ಬ್ಯಾಳಿಗೆ ದಿನಾ ಅನ್ನುವ ಹಾಗೆ.

ಹೊರಳಿ ಬರುವಾಗ ಹಲಬರ್ಗಾ ತಿರುವು,
ಎದುರಿಗೆ ಕಬ್ಬಿನ ಟ್ರ್ಯಾಕ್ಟರು.
ಗಕ್ಕನೆ ಒತ್ತಿದೆ.
ಪಕ್ಕದಲ್ಲಿ ಆ ಕಾಲು ಅಲ್ಲಾಡಲಿಲ್ಲ.
ಬಾಯಿ ತೆರೆದು ಗೊರಕೆ;
ಬೆರಳ ಸಂದಿನಲ್ಲಿ
ಒಣಗುತ್ತಿರುವ ಕೆಂಪು ಕೆಸರು.