ಒಂದು ಬೆರಳಷ್ಟು

ಮೂರನೇ ಸಲವೂ ಪರದೆ ಹಸಿರನ್ನೇ ತೋರಿಸಿತು.
ಕ್ಯಾಂಬರ್ ಸರಿ, ಕ್ಯಾಸ್ಟರ್ ಸರಿ,
ಟೋ ಕೂದಲೆಳೆಯಷ್ಟೂ ಆಚೀಚೆ ಇಲ್ಲ.
ಬಿಲ್ಲು ಹರಿದು ಕೊಟ್ಟೆ.
ಕೊಟ್ರಬಸಪ್ಪನವರು ನಾಲ್ಕಾಗಿ ಮಡಚಿ
ಹಳೆಯ ಎರಡರ ಜೊತೆ ಜೇಬಿಗಿಟ್ಟರು:
“ತಂಗಿ, ಕಾಗದ ನೆಟ್ಟಗೈತಿ.
ಗಾಡಿ ಮಾತ್ರ ಬ್ರೇಕ್ ತುಳಿದ್ರ ಎಡಕ್ಕ ಎಳಿತೈತಿ.”

ಅರುವತ್ತೆಂಟರ ಡಾಡ್ಜ್ ಅದು. ಎಂಟು ಸಿಲಿಂಡರು,
ಬಾನೆಟ್ಟಿನ ಮೇಲೆ ಇಬ್ಬರು ಮಲಗಬಹುದು.
ಹತ್ತಿ ಗಿರಣಿ ಮುಚ್ಚಿದ ವರ್ಷ
ಹದಿನಾಲ್ಕು ತಿಂಗಳ ಸಂಬಳದ ಬದಲಿಗೆ
ಲೆಕ್ಕದ ಗುಮಾಸ್ತರ ಕೈಗೆ ಧಣಿ ಹಾಕಿದ ಕೀಲಿ.
ಅವತ್ತು ಸೈಕಲ್ಲಿನಲ್ಲೇ ಮನೆಗೆ ಹೋದರಂತೆ;
ಡ್ರೈವಿಂಗ್ ಕಲಿತು, ಆರು ತಿಂಗಳ ಮೇಲೆ ಬಂದು ಒಯ್ದರಂತೆ.

ನನಗೆ ನಾಚಿಕೆ. ಯಂತ್ರ ನಂಬಿ ಡಿಪ್ಲೊಮಾ ಮಾಡಿದವಳು.
ಮಧ್ಯಾಹ್ನ ಶಟರ್ ಅರ್ಧ ಎಳೆದು
ಹಳೇ ಪಿ.ಬಿ. ರೋಡ್ ದಾಟಿ
ಗೌಸ್ ಪೀರ್ ಸಾಬರ ಶೆಡ್ಡಿಗೆ ಗಾಡಿ ಒಯ್ಯಿಸಿದೆ.

ಸಾಬರು ಪಾನಾ ಮುಟ್ಟಲಿಲ್ಲ.
ಎಡ ಟೈರಿನ ಮೇಲೆ ಅಂಗೈ ಒಳಮುಖ ಸವರಿದರು: ನುಣುಪು.
ಹೊರಮುಖ ಸವರಿದರು: ಗರಗಸ.
“ಬೆಕ್ಕಿನ ಮೈ ಎದುರು ಸವರಿದಂಗ ಐತಿ.”
ಬಂಪರ್ ಒತ್ತಿ ಬಿಟ್ಟು, ಕುಣಿತ ಎಣಿಸಿದರು ತುಟಿಯಲ್ಲೇ.
ಒಂದೂವರೆ. ಶಾಕ್ ಇನ್ನೂ ಬದುಕಿದೆ.
ಎಡದ ಗಾಲಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿ ಓಡಿಸಿದರು;
ಎಳೆತ ಜಾಗ ಬಿಡಲಿಲ್ಲ. ಟೈರು ನಿರಪರಾಧಿ.
ನಮ್ಮ ರಸ್ತೆಗಳೇ ಎಡಕ್ಕೆ ಜಾರಿವೆಯಲ್ಲ ಎಂದೆ.
“ರೋಡಿನ ಸುಳ್ಳು ಬ್ಯಾರೆ, ಗಾಡಿ ಸುಳ್ಳು ಬ್ಯಾರೆ. ನೂಲು ತಾ.”

ಗುಮಾಸ್ತರು ಡಿಕ್ಕಿ ತೆಗೆದರು.
ಒಳಗೆ ಗಿರಣಿಯ ಕಡೇ ಪಾಳಿಯ ನಾಲ್ಕು ಕೋನು,
ಚೀಟಿ ಹಳದಿಯಾಗಿದೆ, ನೂಲು ಇನ್ನೂ ಬಿಳಿ.
ಹಿಂದಿನ ಗಾಲಿಯಿಂದ ಮುಂದಿನದಕ್ಕೆ ಎಳೆದು ಕಟ್ಟಿದೆವು,
ಗಾಳಿಗೆ ಮಿಡಿಯುತ್ತಿತ್ತು.
ಮಂಡಿಯೂರಿ ಸ್ಕೇಲಿಟ್ಟೆ:
ನನ್ನ ಪರದೆ ಹೇಳಿದ್ದನ್ನೇ ನೂಲೂ ಹೇಳಿತು.
ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ.

“ನಿಂತಾಗ ಯಾರ್ ನೆಟ್ಟಗಿರಂಗಿಲ್ಲ ಹೇಳವ್ವ.”
ಎಡ ಮಡ್‌ಗಾರ್ಡಿನ ಪಕ್ಕ ನನ್ನನ್ನು ಬಗ್ಗಿಸಿ
ಗಾಲಿಯ ಹಿಂದಿನ ಸಂದಿಗೆ ಕಣ್ಣಿಡಿಸಿದರು.
ಗುಮಾಸ್ತರು ನಾಲ್ಕು ಮಾರು ಉರುಳಿಸಿ
ಗಕ್ಕನೆ ತುಳಿದರು.
ಗಾಲಿ ಹಿಂದೆ ಬಂತು.
ಒಂದು ಬೆರಳಷ್ಟು. ನನ್ನ ಕಿರುಬೆರಳಷ್ಟು.
ಬಿಟ್ಟ ಕೂಡಲೇ ಏನೂ ಆಗದವರ ಹಾಗೆ
ಮುಂದೆ ಹೋಗಿ ನಿಂತಿತು.
ಬಲಗಡೆಯದು ಮಿಸುಕಲಿಲ್ಲ.

ಕೆಳತೋಳನ್ನು ಹಿಡಿದಿಡುವ ಕಂಬಿ,
ಅದರ ಕೊರಳಿಗೊಂದು ರಬ್ಬರ್ ಬುಷ್.
ಬಿಚ್ಚಿದರೆ
ನೆನೆದ ಖರ್ಜೂರದಂತೆ ಅಂಗೈಗೆ ಮೆತ್ತಿಕೊಂಡಿತು.
ಹೊಸದು ಎಲ್ಲಿ ಸಿಗಬೇಕು?
ಚಿತ್ರದುರ್ಗದ ಗುಜರಿಯಲ್ಲಿ ಸಿಕ್ಕಿದ
ಗಣಿಯ ಕನ್ವೇಯರ್ ಬೆಲ್ಟಿನ ತುಂಡು
ಲೇಥಿನಲ್ಲಿ ತಿರುಗಿತು. ಅದಿರಿನ ಕೆಂಪು ಪುಡಿ
ಸಾಬರ ಹುಬ್ಬಿನ ಮೇಲೆಲ್ಲ.
ಸವೆದ ಟೈರು ಮಂಡಕ್ಕಿ ಭಟ್ಟಿಯ ಹುಡುಗ ಒಯ್ದ.

ಮರುದಿನ ಬೆಳಿಗ್ಗೆ ಆನಗೋಡಿನ ಕಡೆ, ಎಂಬತ್ತರಲ್ಲಿ.
ಸಾಬರು ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು.
ಗುಮಾಸ್ತರು ಬ್ರೇಕ್ ತುಳಿದರು.
ಗಾಡಿ ಬಲಕ್ಕೆ ಎಳೆಯಿತು.

ಯಾರೂ ಮಾತಾಡಲಿಲ್ಲ.
ಮತ್ತೆ ತುಳಿದರು. ಮತ್ತೆ ಬಲಕ್ಕೆ.
ಕಣ್ಣು ಬಿಡದೆಯೇ ಸಾಬರು:
“ಸ್ಟೇರಿಂಗ್ ಬಿಡ್ರಿ ಯಜಮಾನ್ರ.”
ಬಿಟ್ಟರು. ಗಾಡಿ ಬಿಳಿ ಗೆರೆಯ ಪಕ್ಕ
ಗೆರೆಯಷ್ಟೇ ನೆಟ್ಟಗೆ ಹೋಗಿ ನಿಂತಿತು.

ಇಪ್ಪತ್ತಾರು ವರ್ಷ ಬಲಕ್ಕೆ ಜಗ್ಗಿದ ಕೈ
ಗಾಳಿಯಲ್ಲಿ ಇನ್ನೂ ವಾರೆ.
ಅವರು ಅದನ್ನೇ ನೋಡುತ್ತ ಕೂತರು,
ಯಾರದೋ ಕೈ ಎಂಬಂತೆ.

ಆಮೇಲೆ ಕೇಳಿದರು, ಬಿಲ್ಲು ಎಷ್ಟಾತವ್ವ.
ಜೇಬಿನೊಳಗಿನ ಆ ಮೂರೂ
ವಾಪಸ್ ಕೊಡಿ ಎಂದೆ.